ಶುಗರ್ ಸಾಹೇಬರ ಸನ್ನಿಧಿಗೆ

ಶ್ರೀಮತ್ ಸಕ್ಕರೆ ಕಾಯಿಲೆ ಸಾಹೇಬರ ದಿವ್ಯ ಸನ್ನಿಧಿಗೆ, ಕೊಪ್ಪಳ ತಾಲ್ಲೂಕಿನ ಹಿಟ್ನಾಳದಿಂದ ತಮ್ಮ ಹೊಸ ಭಕ್ತೆ, ವೃತ್ತಿಯಿಂದ ಪ್ರಾಥಮಿಕ ಶಾಲೆಯ ಅಕ್ಕೋರು, ಮಾಡುವ ಶರಣು ಶರಣಾರ್ಥಿಗಳು.

ಇತ್ತ ಕಡೆ ಎಲ್ಲರೂ ಕ್ಷೇಮ ಎಂದು ಬರೆಯುವುದು ಕಾಗದದ ವಾಡಿಕೆ. ಆ ಸಾಲನ್ನು ಈ ಸಲ ಬಿಟ್ಟಿದ್ದೇನೆ, ಮನ್ನಿಸಬೇಕು. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವೂ ಕಾಣಲಿಲ್ಲ. ತಾವು ನನ್ನ ಮೈಯಲ್ಲಿ ಹಾಯಾಗಿದ್ದೀರೆಂದು ಲ್ಯಾಬಿನವರು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಕೊಟ್ಟಿದ್ದಾರೆ. ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ 100ರ ಒಳಗಿದ್ದರೆ ಸರಿ, 126 ಮುಟ್ಟಿದರೆ ತಮ್ಮ ಪ್ರವೇಶವಾಯಿತೆಂದು ಲೆಕ್ಕ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.5 ಬಂದರೂ ಹಾಗೆಯೇ. ತಾವು ಎರಡೂ ಗೆರೆ ದಾಟಿ, ಸಾಕಷ್ಟು ಮುಂದೆ ಹೋಗಿ ಕುಳಿತಿರಿ. ನನ್ನಂಥ ಸಾಮಾನ್ಯಳ ಮೇಲೆ ಇಷ್ಟು ಧಾರಾಳತನ ತೋರಿಸಿದವರು ನಿಜ ಹೇಳಬೇಕೆಂದರೆ ತವರುಮನೆಯಲ್ಲೂ ಇರಲಿಲ್ಲ.

ತಾವು ಬಂದ ರೀತಿಯನ್ನಂತೂ ಎಷ್ಟು ಹೊಗಳಿದರೂ ಸಾಲದು. ಕಾಮಾಲೆ ಬಂದರೆ ಕಣ್ಣು ಹಳದಿಯಾಗುತ್ತದೆ, ಮಲೇರಿಯಾ ಬಂದರೆ ಮೈ ಗಡಗಡ ನಡುಗುತ್ತದೆ. ಹೀಗೆ ಡಂಗುರ ಹೊಡೆಸಿಕೊಂಡು ಬರುವುದು ತಮ್ಮಂಥ ದೊಡ್ಡವರ ಸ್ವಭಾವವಲ್ಲ. ತಾವು ಬಾಯಾರಿಕೆ ಕೊಟ್ಟಿರಿ, ಕೊಪ್ಪಳದ ಏಪ್ರಿಲ್ ಬಿಸಿಲು ಆ ಅಪವಾದವನ್ನು ತನ್ನ ಮೇಲೆ ಹಾಕಿಕೊಂಡಿತು. ರಾತ್ರಿ ಎಬ್ಬಿಸಿ ಹೊರಗೆ ಕಳಿಸಿದಿರಿ, ಕುಡಿದ ನೀರು ಹೊಣೆ ಹೊತ್ತಿತು. ಕಣ್ಣು ಮಂಜಾದಾಗ ವಯಸ್ಸು ಮುಂದೆ ಬಂದು ತಪ್ಪೊಪ್ಪಿಕೊಂಡಿತು. ಸುಸ್ತಿಗಂತೂ ಸಾಕ್ಷಿಯೇ ಬೇಕಾಗಲಿಲ್ಲ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಶಾಲೆಗೆ ಹೋಗಿ ಬಂದು, ಮತ್ತೆ ಒಲೆಯ ಮುಂದೆ ನಿಲ್ಲುವ ನಡುವಯಸ್ಸಿನ ಹೆಂಗಸು ಸುಸ್ತು ಅಂದರೆ ನಮ್ಮ ಮನೆಗಳಲ್ಲಿ ಅದು ಸುದ್ದಿಯೇ ಅಲ್ಲ.

ತಮ್ಮನ್ನು ಗುರುತು ಹಿಡಿದದ್ದು ದೊಡ್ಡ ದವಾಖಾನೆಯ ಡಾಕ್ಟರೂ ಅಲ್ಲ. ಮೂವತ್ತು ದಾಟಿದವರ ಬಿ.ಪಿ., ಶುಗರ್ ನೋಡಲು ಮನೆಗೇ ಬರುವ ಏರ್ಪಾಡು ಈಗ ಇದೆ. ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರು ಮಾಡಿದ ‘ಗೃಹ ಆರೋಗ್ಯ’ ಆಮೇಲೆ ಉಳಿದ ಜಿಲ್ಲೆಗಳ ಕಡೆಗೂ ಹೊರಟಿತು. ಅದರ ಕೆಲಸಕ್ಕೆ ಬಂದು ನಮ್ಮ ಕಟ್ಟೆಯ ಮೇಲೆ ಕೂತ ಹುಡುಗಿ, “ಅಕ್ಕೋರ, ಬೆರಳ ಕೊಡ್ರಿ” ಅಂದಳು. ನನ್ನ ಕೈಯಲ್ಲೇ ಮಗ್ಗಿ ಕಲಿತವಳು. ಮಷಿನ್ ನೋಡಿ, ಅಂಕಿಯನ್ನು ಬಾಯಿಬಿಟ್ಟು ಹೇಳದೆ ನನ್ನ ಕಡೆ ತಿರುಗಿಸಿ ಹಿಡಿದಳು. ಮಗ್ಗಿ ತಪ್ಪಿದಾಗ ನಾನು ಅವಳನ್ನು ಹೇಗೆ ನೋಡುತ್ತಿದ್ದೆನೋ ಹಾಗೆಯೇ ನೋಡಿದಳು.

ಈ ಕೃಪೆ ನನ್ನೊಬ್ಬಳ ಮೇಲೆ ಮಾತ್ರ ಎಂದು ಬೀಗುವ ಹಾಗೂ ಇಲ್ಲ. ದೇಶದಲ್ಲಿ ತಮ್ಮ ಒಕ್ಕಲು 10 ಕೋಟಿ 10 ಲಕ್ಷ, ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿ 60 ಲಕ್ಷ ಎಂದು ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನ 2023ರಲ್ಲಿ ಲೆಕ್ಕ ಕೊಟ್ಟಿದೆ. ಹಿಟ್ನಾಳ ಕ್ರಾಸಿನಲ್ಲಿ ಬಸ್ಸಿಗೆ ನಿಂತರೆ ಅದರ ಸತ್ಯ ತಿಳಿಯುತ್ತದೆ. ಮೊದಲು “ಚಾ ಆತೇನ್ರಿ ಅಕ್ಕೋರ?” ಎನ್ನುತ್ತಿದ್ದವರು ಈಗ “ಎಷ್ಟೈತ್ರಿ?” ಎನ್ನುತ್ತಾರೆ. ಸಂಬಳ ಎಷ್ಟು ಎಂದು ಕೇಳಲು ಹಿಂಜರಿಯುವವರಿಗೂ ಇದಕ್ಕೆ ಸಂಕೋಚವಿಲ್ಲ. ನಾನು ಅಂಕಿ ಹೇಳಿದರೆ, “ಅಯ್ಯ, ಅದೇನ್ ಮಹಾ ಬಿಡ್ರಿ, ನಂದು ಮುನ್ನೂರಾ ಚಿಲ್ಲರ ಐತಿ” ಎಂದು ಎದೆ ಉಬ್ಬಿಸಿ ಹೇಳುವ ಹಿರಿಯರು ನಾಲ್ವರಾದರೂ ಸಿಗುತ್ತಾರೆ. ತಮ್ಮ ಭಕ್ತರಲ್ಲೂ ಮೇಲುಕೀಳು ಇದೆ, ನಾನು ಇನ್ನೂ ಕಿರಿಯಳು.

ಇನ್ನು ತಮ್ಮ ಹೆಸರು ಹೊರಬಿದ್ದ ಕೂಡಲೇ ಹುಟ್ಟಿಕೊಂಡ ವೈದ್ಯರ ವಿಚಾರ. ಹಾಗಲಕಾಯಿ ರಸ, ನೆನೆಸಿದ ಮೆಂತ್ಯೆ, ನೇರಳೆ ಬೀಜದ ಪುಡಿ, ಅಮೃತಬಳ್ಳಿ, ಯಾರದೋ ಅಂಗಳದ ಕುಂಡದಲ್ಲಿ ಬೆಳೆದ ‘ಇನ್ಸುಲಿನ್ ಗಿಡ’ದ ಎಲೆ, ಎಲ್ಲವೂ ಮನೆಗೆ ನಡೆದು ಬಂದವು. ಮೆಂತ್ಯೆ, ಹಾಗಲಕಾಯಿ ತಿಂದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಪ್ರತಿಯೊಬ್ಬರ ಮಾತೂ ಒಂದೇ ಕಡೆ ಮುಗಿಯುತ್ತದೆ: “ಗುಳಿಗಿ ಬಿಟ್ಟುಬಿಡ್ರಿ.” ನಾನು ಊಟದ ಜೊತೆ ನುಂಗುವ ಮೆಟ್‌ಫಾರ್ಮಿನ್ ಕೂಡ ಮೂಲದಲ್ಲಿ ಗಿಡದ ಋಣವೇ ಎಂದು ಇವರಿಗೆ ಯಾರು ಹೇಳಬೇಕು? ಯುರೋಪಿನಲ್ಲಿ ಬೆಳೆಯುವ ಗಲೀಗ ಎಂಬ ಗಿಡದ ಸತ್ವದ ಜಾಡು ಹಿಡಿದು ಹೋಗಿ, ದಶಕಗಳ ಮೇಲೆ, 1957ರಲ್ಲಿ ಫ್ರಾನ್ಸಿನ ಜಾನ್ ಸ್ಟರ್ನ್ ಎಂಬ ವೈದ್ಯರು ಅದನ್ನು ರೋಗಿಗಳಿಗೆ ಕೊಟ್ಟು ನೋಡಿದ ಫಲವನ್ನು ಪ್ರಕಟಿಸಿದರು. ವಿಜ್ಞಾನಿಗಳಿಗೆ ಅಷ್ಟು ಕಾಲ ಹಿಡಿದ ಕೆಲಸಕ್ಕೆ ನಮ್ಮ ಓಣಿಯವರಿಗೆ ಒಂದು ಮಂಡಲ ಸಾಕಂತೆ. ಮೊದಮೊದಲು ಆ ಗುಳಿಗಿ ಹೊಟ್ಟೆ ಕೆಡಿಸಿದಾಗ ಇವರಿಗಾದ ಸಂತೋಷವನ್ನು ತಾವು ನೋಡಬೇಕಿತ್ತು.

“ಸಕ್ರಿ ಬಿಡ್ರಿ, ಬೆಲ್ಲದ ಚಾ ಕುಡೀರಿ, ಬೆಲ್ಲಕ್ಕ ಏನೂ ಆಗಂಗಿಲ್ಲ” ಎನ್ನುವವರು ಬೇರೆ. ರಕ್ತಕ್ಕೆ ಇಳಿದ ಮೇಲೆ ಬೆಲ್ಲವನ್ನೂ ಸಕ್ಕರೆಯನ್ನೂ ತಾವು ಒಂದೇ ಪಂಕ್ತಿಯಲ್ಲಿ ಕೂರಿಸುತ್ತೀರಿ. ಈ ನಾಡಿನಲ್ಲಿ ಇಷ್ಟು ಖಂಡಿತವಾಗಿ ಪಂಕ್ತಿಭೇದ ಅಳಿಸಿದವರು ಕಡಿಮೆ. ಅಭಿನಂದನೆ.

ಅನ್ನದ ಮಾತಿಗೆ ಬಂದರೆ ನನ್ನ ಭಕ್ತಿ ಸ್ವಲ್ಪ ಏರುಪೇರಾಗುತ್ತದೆ, ಕ್ಷಮೆಯಿರಲಿ. ನಮ್ಮ ಅಜ್ಜಿ ಯಲಬುರ್ಗಾ ಕಡೆಯವಳು, ಎರೆಹೊಲದ ಬಿಳಿಜೋಳದ ಮನೆತನ. ಅವಳ ಬಾಯಲ್ಲಿ ಅನ್ನ ಎಂದರೆ ಹಬ್ಬ, ಇಲ್ಲವೇ ಬೀಗರು, ಇಲ್ಲವೇ ಜ್ವರ. ಉಳಿದ ದಿನವೆಲ್ಲ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ, ಗುರೆಳ್ಳು ಚಟ್ನಿ. ಅವಳ ಮಗಳನ್ನು ಗಂಗಾವತಿ ಸೀಮೆಗೆ ಕೊಟ್ಟರು. 1945ರಲ್ಲಿ ಕೆಲಸ ಶುರುವಾದ ತುಂಗಭದ್ರಾ ಅಣೆಕಟ್ಟು 1953ರ ಹೊತ್ತಿಗೆ ಮುಗಿದು, ಮುನಿರಾಬಾದಿನಿಂದ ಎಡದಂಡೆ ಕಾಲುವೆ ಹರಿದಿತ್ತು. ಹೆಚ್ಚಿನ ಭೂಮಿಗೆ ಕಡಿಮೆ ನೀರಿನ ಬೆಳೆ ಎಂದೇ ಯೋಜನೆ ಹಾಕಿದ್ದರಂತೆ. ಆದರೆ ಕಣ್ಣ ಮುಂದೆ ನೀರು ಹರಿಯುವಾಗ ಜೋಳ ಬಿತ್ತುವವನಿಗೆ ಯಾರು ಹೆಣ್ಣು ಕೊಡುತ್ತಾರೆ? ಗಂಗಾವತಿ, ಕಾರಟಗಿ ಭತ್ತದ ಕಣಜವಾದವು, ರೈಸ್ ಮಿಲ್ಲುಗಳ ಚಿಮಣಿ ಎದ್ದವು, ಸೋನಾ ಮಸೂರಿ ಬೆಂಗಳೂರು ಮುಟ್ಟಿತು. ಎರಡು ಹೊತ್ತು ಬೆಳ್ಳನೆಯ ಅನ್ನ ಉಣ್ಣುವುದೇ ಮರ್ಯಾದೆಯಾಯಿತು. ಅಂದು ತಮ್ಮನ್ನು ಯಾರೂ ಕರೆದಿರಲಿಲ್ಲ ಎಂದು ಹೇಳಲಾರೆ. ಎಲೆ ಹಾಕಿ, ಬಡಿಸಿಯೇ ಕಾದಿದ್ದೆವು. ಈಗ ಡಾಕ್ಟರು ಚೀಟಿಯ ಮೇಲೆ ಬರೆದು ಕೊಡುವುದು ಏನು? “ಅನ್ನ ಕಡಿಮೆ ಮಾಡಿ, ಜೋಳದ ರೊಟ್ಟಿ, ಕಾಳು, ಸೊಪ್ಪು ತಿನ್ನಿ.” ನಮ್ಮ ಅಜ್ಜಿಯ ಬಡತನವನ್ನೇ ಫೀಸು ತಗೊಂಡು ಬರೆದುಕೊಡುತ್ತಾರೆ. ಅದಕ್ಕೂ ಒಂದು ಕೊಕ್ಕೆ ಇದೆ: ರೊಟ್ಟಿಯಲ್ಲೂ ಪಿಷ್ಟವೇ ಇರುವುದು, ಅಜ್ಜಿ ತಿಂದಷ್ಟು ತಿನ್ನಬೇಕಾದರೆ ಅಜ್ಜಿ ಮಾಡಿದಷ್ಟು ಕೆಲಸ ಮಾಡಬೇಕು.

ನಾನಾದರೂ ಸಂಬಳದವಳು. ನಮ್ಮ ಓಣಿಯಲ್ಲಿ ಕೂಲಿಗೆ ಹೋಗುವ ಹೆಂಗಸರೂ ತಮ್ಮ ಭಕ್ತರ ಪಟ್ಟಿಯಲ್ಲಿದ್ದಾರೆ. ಅವರಿಗೆ ರೇಷನ್ ಅಂಗಡಿಯಲ್ಲಿ ಅಕ್ಕಿ ಪುಕ್ಕಟೆ. ಸಾಕಾಗುವಷ್ಟು ಜೋಳಕ್ಕೆ, ಕಾಳಿಗೆ, ತರಕಾರಿಗೆ ಸಂತೆಯಲ್ಲಿ ರೊಕ್ಕ ಎಣಿಸಬೇಕು. ಅವರ ಚೀಟಿಯ ಮೇಲೂ ನನ್ನ ಚೀಟಿಯ ಮೇಲಿನ ಮಾತೇ ಇದೆ. ಬಡವರಿಗೆ ಒಂದು ರೀತಿ, ಇದ್ದವರಿಗೆ ಒಂದು ರೀತಿ ಎಂಬ ತಾರತಮ್ಯ ತಮ್ಮಲ್ಲಿ ಇಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಅಣೆಕಟ್ಟು ಅಂದಾಗ ನೆನಪಾಯಿತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಮಂತ್ರಿಗಳು, ಎಂಜಿನಿಯರುಗಳು, ಟಿವಿಯವರು ನಮ್ಮ ರಸ್ತೆ ತುಂಬಿಕೊಂಡು ಓಡಿದರು. ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ನನ್ನೊಳಗಿನ ಗೇಟು ಎಂದು ಕೆಟ್ಟಿತೋ ಒಂದು ಪತ್ರಿಕೆಯೂ ಬರೆಯಲಿಲ್ಲ. ಡಾಕ್ಟರು ಹೇಳಿದ ಪ್ರಕಾರ ಅದು ಒಂದು ರಾತ್ರಿಯ ಕೆಲಸವಲ್ಲ. ಇನ್ಸುಲಿನ್ ಬಂದು ಕರೆದರೂ ಜೀವಕೋಶಗಳು ಬಾಗಿಲು ಪೂರ್ತಿ ತೆಗೆಯುವುದಿಲ್ಲ, ಸಕ್ಕರೆ ರಕ್ತದಲ್ಲೇ ನಿಲ್ಲುತ್ತದೆ, ಮೇದೋಜೀರಕ ಗ್ರಂಥಿ ದುಡಿದು ದುಡಿದು ದಣಿಯುತ್ತದೆ, ವರ್ಷಗಟ್ಟಲೆ. ಊರವರು ಮಾತ್ರ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: “ಭಾಳ ಸಿಹಿ ತಿಂತಿದ್ರೇನೋ ಅಕ್ಕೋರು.” ಮನೆತನ, ವಯಸ್ಸು, ನಿದ್ದೆಗೇಡು, ಹೊಟ್ಟೆಯ ಸುತ್ತ ಕೂತ ಕೊಬ್ಬು, ಎಪ್ಪತ್ತು ವರ್ಷದ ಅನ್ನ, ಇಷ್ಟೂ ಆರೋಪಿಗಳನ್ನು ಖುಲಾಸೆ ಮಾಡಿ ನನ್ನ ನಾಲಿಗೆಯೊಂದಕ್ಕೇ ಶಿಕ್ಷೆ. ತಾವಾದರೂ ಸಾಕ್ಷಿ ಹೇಳಬಾರದೇ?

ಇಷ್ಟು ದೂರಿದ ಮೇಲೆ ನಿಜವಾದ ಒಂದು ಕೃತಜ್ಞತೆಯನ್ನೂ ಹೇಳಬೇಕು. “ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು, ಉಪವಾಸ ಗಿಪವಾಸ ಇಟ್ಟುಕೊಳ್ಳಬೇಡಿ” ಎಂದು ಡಾಕ್ಟರು ಅಂದಾಗ ನನಗೆ ನಗು ಬಂತು. ನಮ್ಮ ಮನೆಗಳಲ್ಲಿ ಹೆಂಗಸಿಗೆ ಊಟದ ಹೊತ್ತು ಎಂದು ಒಂದು ಇದೆಯೇ? ಮೊದಲು ಮಕ್ಕಳು, ಆಮೇಲೆ ಗಂಡಸರು, ಬಂದವರಿದ್ದರೆ ಬಂದವರು, ಆಮೇಲೆ ಅತ್ತಿ. ಎಲ್ಲರದೂ ಆಗಿ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಪಲ್ಯ ತೀರಿದ್ದರೆ ಖಾರದಪುಡಿ ಹಚ್ಚಿಕೊಂಡು ತಿನ್ನುವುದು ನಮ್ಮ ಪಾಲು. ರಾತ್ರಿ ಉಳಿದ ಅನ್ನ ಚೆಲ್ಲಬಾರದೆಂದು ಬೆಳಗ್ಗೆ ಒಗ್ಗರಣೆ ಹಾಕಿದರೆ ಅದು ಯಾರ ತಾಟಿಗೆ ಬೀಳುತ್ತದೆಂದು ಕೇಳಬೇಕಾಗಿಲ್ಲ. ತಮ್ಮ ಹತ್ತು ಕೋಟಿಯ ಪಟ್ಟಿಯಲ್ಲಿ ಈ ಉಳಿದ ಅನ್ನದಿಂದ ಸೇರಿದವರು ಎಷ್ಟು ಮಂದಿ ಎಂದು ಯಾರೂ ಅಧ್ಯಯನ ಮಾಡಿದಂತಿಲ್ಲ.

ರಜೆಯ ದಿನ ಮಧ್ಯಾಹ್ನ ಒಂದಕ್ಕೆ ತಾಟು ಹಾಕಿಕೊಂಡು ಕೂತೆ. ಮನೆಯವರು ಇನ್ನೂ ಹೊಲದಿಂದ ಬಂದಿರಲಿಲ್ಲ. ಅತ್ತಿ ಬಂದು ಬಾಗಿಲಲ್ಲಿ ನಿಂತು ತಾಟು ನೋಡಿದರು, ಗಡಿಯಾರ ನೋಡಿದರು, ನನ್ನನ್ನು ನೋಡಿದರು. “ಶುಗರ್ ಐತ್ರಿ, ಅತ್ತಿ” ಅಂದೆ. “ಹೌದವ್ವ, ಉಣ್ಣು ಉಣ್ಣು” ಎಂದು ತಾವೇ ನೀರಿನ ತಂಬಿಗೆ ತಂದಿಟ್ಟರು. ಸಾಹೇಬರೇ, ಮದುವೆಯಾಗಿ ಈ ಮನೆಗೆ ಬಂದ ಮೇಲೆ ನನ್ನ ಊಟಕ್ಕೆ ಇನ್ನೊಬ್ಬರು ನೀರಿಟ್ಟದ್ದು ಅದೇ ಮೊದಲು. “ಹಸಿವಾಗೇತಿ” ಅಂದಿದ್ದರೆ ಆ ತಂಬಿಗೆ ಬರುತ್ತಿರಲಿಲ್ಲ. ಬೆಳಗಿನ ನಡಿಗೆಯೂ ಹಾಗೆಯೇ. “ಎಲ್ಲಿಗ್ ಹೊಂಟೀರಿ ಅಕ್ಕೋರ?” ಎಂದು ಕೇಳಿದವರಿಗೆ “ಎಲ್ಲಿಗೂ ಇಲ್ಲ” ಎಂದು ಹೇಳಿ ಮುಂದೆ ನಡೆಯುವ ಸ್ವಾತಂತ್ರ್ಯ ಈ ಭಾಗದ ಹೆಂಗಸಿಗೆ ತಮ್ಮ ಶಿಫಾರಸಿನಿಂದ ಮಾತ್ರ ಸಿಗುತ್ತದೆ. ಹೈವೇ ಪಕ್ಕ ಲಾರಿಗಳ ಧೂಳು ಕುಡಿಯುತ್ತ ನಡೆಯಬೇಕು, ಆದರೂ ನಡೆಯುತ್ತೇನೆ. ಇದಕ್ಕೆ ತಮಗೆ ಋಣಿ. ಹೊತ್ತಿಗೆ ಒಂದು ಊಟ, ಗೊತ್ತುಗುರಿಯಿಲ್ಲದ ನಾಲ್ಕು ಹೆಜ್ಜೆ, ಇಷ್ಟಕ್ಕೆ ಇಂಥ ದುಬಾರಿ ಶಿಫಾರಸು ಬೇಕಾಯಿತಲ್ಲ ಎಂಬುದೊಂದೇ ಕೊರಗು.

ಆದರೆ ಹಬ್ಬಗಳಲ್ಲಿ ತಾವು ಹೀಗೆ ಗೋಳು ಹೊಯ್ದುಕೊಳ್ಳಬಾರದಿತ್ತು. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಅಜ್ಜನ ಜಾತ್ರೆ. ಊರೂರಿನ ಹೆಂಗಸರು ರೊಟ್ಟಿ ಬಡಿದು ಟ್ರ್ಯಾಕ್ಟರ್ ತುಂಬಿ ಮಹಾದಾಸೋಹಕ್ಕೆ ಕಳಿಸುತ್ತಾರೆ, ನಾನೂ ಬಡಿದಿದ್ದೇನೆ. ಪಂಕ್ತಿಯಲ್ಲಿ ಕೂತಾಗ ಸಿಹಿ ಮಾದಲಿ ಬಂತು. “ಬ್ಯಾಡ್ರಿ ಅಣ್ಣಾರ, ಶುಗರ್ ಐತಿ” ಅಂದೆ. ಬಡಿಸುವ ಹುಡುಗ ಸೌಟು ಹಿಂದಕ್ಕೆ ಸರಿಸಲಿಲ್ಲ. “ಅಜ್ಜನ ಪ್ರಸಾದಕ್ಕ ಶುಗರ್ ತಟ್ಟಂಗಿಲ್ರಿ ಅಕ್ಕಾರ” ಎಂದು ಸುರಿದು ಮುಂದೆ ಹೋದ. ತಮಗೂ ಅಜ್ಜನಿಗೂ ಅಂಥ ಕರಾರು ಏನಾದರೂ ಆಗಿದ್ದರೆ ದಯವಿಟ್ಟು ಲಿಖಿತದಲ್ಲಿ ತಿಳಿಸಬೇಕು. ನಾಗರ ಪಂಚಮಿಯದು ಇನ್ನೂ ದೊಡ್ಡ ಪೇಚು. ಶೇಂಗಾ ಉಂಡಿ, ರವೆ ಉಂಡಿ, ಬೇಸನ್ ಉಂಡಿ, ಅಳ್ಳಿಟ್ಟು ಕಟ್ಟಿಕೊಂಡು ನನ್ನ ತಮ್ಮ ಬರುತ್ತಾನೆ. ಡಬ್ಬಿ ತೆರೆಯದೆ ಇಟ್ಟರೆ ಅವನ ಹೆಂಡತಿ ವರ್ಷವಿಡೀ ಮಾತು ಬಿಡುತ್ತಾಳೆ. ತಿಂದರೆ ತಾವು ಮೂರು ತಿಂಗಳ ಸರಾಸರಿಯಲ್ಲಿ ಚಾಡಿ ಹೇಳುತ್ತೀರಿ. ಸಿಹಿ ಬಿಡುವುದು ಅಂಥ ಕಷ್ಟವಲ್ಲ. ಸಿಹಿ ಕೊಟ್ಟವರ ಮುಖ ಸಪ್ಪಗಾಗುವುದನ್ನು ನೋಡುವುದೇ ಕಷ್ಟ.

ತಮ್ಮ ಹೆಸರಿನಲ್ಲೂ ಒಂದು ದಿನಾಚರಣೆ ಇದೆಯೆಂದು ಈಚೆಗೆ ಓದಿದೆ, ನವೆಂಬರ್ 14. ಇನ್ಸುಲಿನ್ ಕಂಡುಹಿಡಿದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನವಂತೆ. ಟೊರಾಂಟೊದಲ್ಲಿ 1921ರಲ್ಲಿ ಅವರೂ ಚಾರ್ಲ್ಸ್ ಬೆಸ್ಟ್ ಅವರೂ ನಾಯಿಗಳ ಮೇಲೆ ಪ್ರಯೋಗ ಮಾಡಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಸೂಜಿ ಚುಚ್ಚಲಾಯಿತು. ಅಲ್ಲಿಯವರೆಗೆ ತಾವು ಮಕ್ಕಳ ಮೈಗೆ ಹೋದಿರೆಂದರೆ ಹೆಚ್ಚಾಗಿ ಒಂದೆರಡು ವರ್ಷದಲ್ಲಿ ಕರೆದುಕೊಂಡೇ ಹೋಗುತ್ತಿದ್ದಿರಿ. ಇನ್ಸುಲಿನ್ ಕಂಡುಹಿಡಿದವರು ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ಅದೇ ನವೆಂಬರ್ 14ರಂದು ನಮ್ಮ ಶಾಲೆಯಲ್ಲಿ ಮಕ್ಕಳ ದಿನಾಚರಣೆ. ನೆಹರೂ ಫೋಟೋಕ್ಕೆ ಹಾರ ಹಾಕಿ, ಪ್ರತಿ ಮಗುವಿನ ಕೈಗೂ ಎರಡೆರಡು ಚಾಕಲೇಟು ಹಂಚುವುದು ನನ್ನ ಪಾಲಿನ ಕೆಲಸ. ತಮ್ಮ ಉತ್ಸವವನ್ನು ಇಷ್ಟು ಮುಂದಾಲೋಚನೆಯಿಂದ ಆಚರಿಸುವ ದೇಶ ಇನ್ನೊಂದಿರಲಾರದು.

ದಿನನಿತ್ಯದ ಸೇವೆಯಲ್ಲೂ ಲೋಪ ಮಾಡಿಲ್ಲ. ಬೆರಳ ತುದಿಗೆ ಚುಚ್ಚಿದರೆ ನೋವು ಹೆಚ್ಚು, ಪಕ್ಕಕ್ಕೆ ಚುಚ್ಚಬೇಕು ಎಂದು ಕಲಿತೆ. ಒತ್ತಿದರೆ ಹರಳಿನಷ್ಟು ರಕ್ತ ಎದ್ದು ನಿಲ್ಲುತ್ತದೆ. ಮಷಿನ್ನಿಗೆ ಸಿಕ್ಕಿಸಿದ ಪಟ್ಟಿಯ ಅಂಚನ್ನು ತಾಗಿಸಿದರೆ ತಾನೇ ಎಳೆದುಕೊಳ್ಳುತ್ತದೆ. ಆಮೇಲೆ ಮಷಿನ್ ಐದು, ನಾಲ್ಕು, ಮೂರು ಎಂದು ಹಿಂದಕ್ಕೆ ಎಣಿಸುತ್ತದೆ. ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ನಾನು ಹಾಗೆ ಉಸಿರು ಹಿಡಿದಿರಲಿಲ್ಲ. ಒಂದು ಪಟ್ಟಿಯ ಬೆಲೆಗೆ ಒಂದು ತಾಟು ಮಂಡಕ್ಕಿ ವಗ್ಗರಣಿ ಬರುತ್ತಿತ್ತೆಂಬ ಯೋಚನೆ ಬೇಡವೆಂದರೂ ಬರುತ್ತದೆ. ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಬೇಕು, ತಮ್ಮ ಸಹವಾಸದಲ್ಲಿ ನರಗಳು ಮರಗಟ್ಟಿ ಗಾಯವಾದರೂ ತಿಳಿಯದಂತಾಗಬಹುದು ಎಂದು ಎಚ್ಚರಿಸಿದ್ದಾರೆ. ಕುಂಕುಮ ಹಚ್ಚಿಕೊಳ್ಳುವ ಕೈಗನ್ನಡಿಯನ್ನು ಈಗ ಕಾಲಿನ ಕೆಳಗೆ ಹಿಡಿಯುತ್ತೇನೆ. ಹುಣ್ಣಿಮೆಗೆ ಹುಲಿಗಿಯವರೆಗೆ ಬರಿಗಾಲಲ್ಲಿ ನಡೆಯುವ ಹರಕೆ ಇತ್ತು. ಹುಲಿಗೆಮ್ಮನಿಗೆ ಕೈಮುಗಿದು ಚಪ್ಪಲಿ ಮೆಟ್ಟಿಯೇ ಹೊರಟೆ. ಅಮ್ಮ ಏನೂ ಅನ್ನಲಿಲ್ಲ. ಜೊತೆ ನಡೆದವರು ಅಂದರು.

ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟ, ಮೂತ್ರಪಿಂಡ ಎಲ್ಲವನ್ನೂ ತೋರಿಸಬೇಕಂತೆ, ತಾವು ಅಲ್ಲಲ್ಲಿ ಒತ್ತುವರಿ ಮಾಡಿದ್ದೀರೋ ಎಂದು ನೋಡಲು. ತೋರಿಸುತ್ತೇನೆ. ತಾವು ಜನ್ಮಕ್ಕಂಟಿದ ನೆಂಟರು ಎಂದು ಒಪ್ಪಿಕೊಂಡಾಗಿದೆ. ನನ್ನ ಹೊತ್ತು ತಮಗೆ ತಿಳಿದಿದೆ, ತಮ್ಮ ಅಂಕಿ ನನಗೆ ತಿಳಿದಿದೆ. ಇಬ್ಬರೂ ಹೇಗೋ ಕಾಲ ಹಾಕೋಣ.

ಕೊನೆಯದಾಗಿ ಒಂದು ವಿಚಾರ, ಇದಕ್ಕಾಗಿಯೇ ಈ ಕಾಗದ. ಆ ಹುಡುಗಿ ಕಟ್ಟೆಗೆ ಬಂದ ದಿನ ನಮ್ಮ ಮನೆಯವರು, “ಗಂಡಸ್ರಿಗೆ ಏನ್ ಆಗ್ತೈತಿ, ಹೊಲದಾಗ ದುಡಿಯೋ ಮೈ ಇದು” ಎಂದು ಕೈ ಹಿಂದೆ ಕಟ್ಟಿಕೊಂಡು ಹೊರಟುಹೋದರು. ಮತ್ತೆರಡು ಸಲ ಬಂದಾಗಲೂ ಬೆರಳು ಕೊಡಲಿಲ್ಲ. ಈಚೆಗೆ ಅವರು ಮಲಗುವಾಗ ತುಂಬಿಸಿಟ್ಟ ತಂಬಿಗೆ ನಸುಕಿಗೆ ಬರಿದಾಗಿರುತ್ತದೆ. ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡು ಬಂದರು, ಒಳಗಿನ ಕಡೆಗೆ. ಕುಡುಗೋಲು ತಾಗಿದ ಬೆರಳಿನ ಗಾಯ ಇನ್ನೂ ಹಸಿಯಾಗಿಯೇ ಇದೆ. ನಾನು ಹೇಳಿದರೆ, “ನಿನಗ ಬಂದೈತಂತ ಊರಿಗೆಲ್ಲ ಹಂಚಬ್ಯಾಡ” ಎನ್ನುತ್ತಾರೆ. ನಮ್ಮ ಕಡೆ ಹಿರಿಯರು ಪಡಸಾಲೆಗೆ ಕಾಲಿಡುವ ಮುಂಚೆ ಒಮ್ಮೆ ಕೆಮ್ಮುತ್ತಾರೆ, ಒಳಗಿನವರಿಗೆ ತಿಳಿಯಲಿ ಎಂದು. ತಾವು ಆಗಲೇ ಅವರ ಒಳಗೆ ಬಂದು ಕೂತಿದ್ದರೆ, ದೊಡ್ಡ ಮನಸ್ಸು ಮಾಡಿ ಒಮ್ಮೆ ಕೆಮ್ಮಬೇಕು. ನನ್ನ ಮಾತು ಅವರ ಕಿವಿಗೆ ಬೀಳುವುದಿಲ್ಲ, ತಮ್ಮದಾದರೂ ಬಿದ್ದೀತು. ಈ ಸೋಮವಾರ ಆ ಹುಡುಗಿ ಮತ್ತೆ ಬರುತ್ತಾಳೆ. ಅಷ್ಟರೊಳಗೆ ಆದರೆ ಉಪಕಾರ.

ಇಂತಿ ತಮ್ಮ ವಿಧೇಯಳು,
ಹಿಟ್ನಾಳದ ಅಕ್ಕೋರು